ಅಜ್ಜಿಯ ಟ್ರಂಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಶತಮಾನದಲ್ಲಿ ನಮ್ಮ ಕಡೆಯ ವಯಸ್ಸಾದ ಹೆಂಗಸರು ಏನು ಉಡುತ್ತಿದ್ದರು, ಹೇಗೆ ಉಡುತ್ತಿದ್ದರು ಎಂಬ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಎರಡು ಹಳೇ ನೂಲಿನ ಸೀರೆ ಸಿಕ್ಕಿವೆ. ಈಗಿನ ಹಾಗೆ ಉಟ್ಟರೆ ನೆರಿಗೆ ಒಂದು ಹಿಡಿಗೆ ಸಿಕ್ಕದಷ್ಟು ದಪ್ಪವಾಗುತ್ತದೆ. ಇದನ್ನು ಕಚ್ಚೆ ಹಾಕಿ ಉಡುವುದು ಹೇಗೆ? (ಓದುಗರು, ಮೈಸೂರು)

ಮೊದಲು ಸೀರೆಯನ್ನು ಅಳೆಯಿರಿ. ಹಳಬರ ಲೆಕ್ಕ ಮೊಳದಲ್ಲಿ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಅಂಗಡಿಯ ಅಳತೆಯಲ್ಲಿ 18 ಇಂಚು, ಗಜದಲ್ಲಿ ಅರ್ಧ. ಹದಿನೆಂಟು ಮೊಳದ ಸೀರೆ ಎಂದರೆ 9 ಗಜ, ಸುಮಾರು 8.2 ಮೀಟರು. ಹದಿನಾರು ಮೊಳದ್ದು 8 ಗಜ. ಈಗ ಎಲ್ಲರೂ ಉಡುವುದು ಹನ್ನೆರಡು ಮೊಳದ್ದು, 5.5 ಮೀಟರು. ನಿಮ್ಮ ಸೀರೆ 7 ಮೀಟರಿಗಿಂತ ಕಡಿಮೆ ಇದ್ದರೆ ಕಚ್ಚೆಗೆ ಒದ್ದಾಡಬೇಡಿ. ತೆಳ್ಳಗಿರುವವರಿಗೆ ಹದಿನಾರು ಮೊಳ ಸಾಕು, ಮೈ ತುಂಬಿದವರಿಗೆ ಹದಿನೆಂಟೇ ಬೇಕು.

ಒಳಲಂಗ ಹಾಕಬೇಡಿ. ಕಚ್ಚೆ ನಿಲ್ಲುವುದು ಸೊಂಟದ ಗಂಟಿನ ಮೇಲೆ. ಕೆಳಗೆ ಲಂಗವಿದ್ದರೆ ಕಾಲ ನಡುವೆ ಸೀರೆ ಎಳೆಯಲು ಬರುವುದಿಲ್ಲ. ಮುಜುಗರ ಅನ್ನಿಸಿದರೆ ಮಂಡಿವರೆಗಿನ ಚಡ್ಡಿ ಹಾಕಿಕೊಳ್ಳಿ.

ಸೀರೆಯನ್ನು ಬೆನ್ನ ಹಿಂದಿನಿಂದ ಸೊಂಟದ ಎತ್ತರಕ್ಕೆ ಹಿಡಿದು ಎರಡು ಕಡೆಯಿಂದಲೂ ಮುಂದಕ್ಕೆ ತನ್ನಿ. ಎಡಗೈಯಲ್ಲಿ ಗಿಡ್ಡ ತುದಿ, ಬಲಗೈಯಲ್ಲಿ ಉಳಿದ ಅಷ್ಟೂ ಸೀರೆ. ಗಂಟು ಬೀಳುವ ಜಾಗದಿಂದ ಗಿಡ್ಡ ತುದಿಗೆ ಒಂದೂವರೆಯಿಂದ ಎರಡು ಮೊಳ ಇರಲಿ. ಎರಡೂ ಕಡೆಯ ಮೇಲಂಚಿನಿಂದ ಒಂದೊಂದು ಚಿಟಿಕೆ ಬಟ್ಟೆ ಹಿಡಿದು ಹೊಕ್ಕುಳ ಹತ್ತಿರ ಬಿಗಿಯಾಗಿ ಎರಡು ಗಂಟು ಹಾಕಿ. ಗಂಟಿಗೆ ಹೆಚ್ಚು ಬಟ್ಟೆ ತೆಗೆದುಕೊಂಡರೆ ಅದು ಉಂಡೆಯ ಹಾಗೆ ಎದ್ದು ಕಾಣುತ್ತದೆ, ಬೇಗ ಸಡಿಲವೂ ಆಗುತ್ತದೆ.

ಈಗ ಉದ್ದ ತುದಿಯ ಸೆರಗನ್ನು ಎಡಸೊಂಟದಿಂದ ಬೆನ್ನ ಹಿಂದೆ ತಂದು, ಬಲಗಂಕುಳ ಕೆಳಗಿನಿಂದ ಎದೆಯ ಮೇಲೆ ಹಾಯಿಸಿ ಎಡಹೆಗಲಿಗೆ ಹಾಕಿ. ಬೆನ್ನಿನ ಕಡೆ ಮಂಡಿವರೆಗೆ ಇಳಿಯುವಷ್ಟು ಬಿಡಿ. ಮುಂದೆ, ಗಂಟಿಗೂ ಎಡಸೊಂಟಕ್ಕೂ ನಡುವೆ ಜೋಲುವ ಬಟ್ಟೆಯೆಲ್ಲ ನೆರಿಗೆಗೆ. ಅರ್ಧ ಗೇಣಿನ ನೆರಿಗೆ ಹಿಡಿದರೆ ಹದಿನೆಂಟು ಮೊಳದಲ್ಲಿ ಹದಿನೈದರ ಆಸುಪಾಸು ಬರುತ್ತವೆ. ಅವನ್ನು ಗಂಟಿನ ಮೇಲೆ ಸಿಕ್ಕಿಸಿ. ಆಮೇಲೆ ಸ್ವಲ್ಪ ಕಾಲು ಅಗಲಿಸಿ ನಿಂತು, ನೆರಿಗೆಯ ಕೆಳಗಿನ ಅಂಚಿನ ನಡುಭಾಗ ಹಿಡಿದು ಕಾಲ ನಡುವಿನಿಂದ ಹಿಂದಕ್ಕೆ ಎಳೆದು, ಅಂಚು ಹೊರಗೆ ಕಾಣುವ ಹಾಗೆ ಎರಡು ಮೂರು ಸಣ್ಣ ಮಡಿಕೆ ಮಾಡಿ ಬೆನ್ನ ನಡುವೆ ಆಳವಾಗಿ ಸಿಕ್ಕಿಸಿ.

ಇಲ್ಲಿ ಎಲ್ಲರೂ ತಪ್ಪುವುದು ಕಚ್ಚೆಯ ಬಿಗಿಯಲ್ಲಿ. ನಿಂತಾಗ ಸರಿ ಕಂಡಿದ್ದು ಕೂತಾಗ ಕಿತ್ತು ಬರುತ್ತದೆ. ಅದಕ್ಕೇ ಕಚ್ಚೆ ಸಿಕ್ಕಿಸಿದ ಮೇಲೆ, ಸೆರಗು ಸರಿಮಾಡುವ ಮೊದಲು, ಒಂದು ಸಲ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ಎದ್ದು ನೋಡಿ. ಎಳೆದ ಹಾಗಾದರೆ ನಾಲ್ಕು ಬೆರಳಿನಷ್ಟು ಸಡಿಲ ಬಿಟ್ಟು ಮತ್ತೆ ಸಿಕ್ಕಿಸಿ. ಅಜ್ಜಿಯರು ಇದೇ ಉಡುಗೆಯಲ್ಲಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು, ರುಬ್ಬುತ್ತಿದ್ದರು. ಕೂರಲು ಆಗದ ಕಚ್ಚೆ ಕಚ್ಚೆಯೇ ಅಲ್ಲ.

ನೂಲಿನ ಸೀರೆಯಲ್ಲೇ ಕಲಿಯಿರಿ. ಪಾಲಿಯೆಸ್ಟರಿನಲ್ಲಿ ಗಂಟು ಜಾರುತ್ತದೆ, ಎಷ್ಟು ಪಿನ್ನು ಹಾಕಿದರೂ ನಿಲ್ಲುವುದಿಲ್ಲ. ಇನ್ನೊಂದು ಮಾತು: ಇದು ಒಂದು ಬಗೆ ಮಾತ್ರ, ಮನೆಯಿಂದ ಮನೆಗೆ ವ್ಯತ್ಯಾಸವಿದೆ. ತಮಿಳು ಮೂಲದ ಬ್ರಾಹ್ಮಣ ಮನೆಗಳ ಕಚ್ಚೆ ಉಡುಗೆಯಾದ ಮಡಿಸಾರಿನಲ್ಲಿ ಅಯ್ಯಂಗಾರರ ಸೆರಗು ಎಡಹೆಗಲಿಗೆ, ಅಯ್ಯರ್ ಮನೆಯವರದು ಬಲಹೆಗಲಿಗೆ. ನಿಮ್ಮ ಮನೆಯಲ್ಲಿ ಉಡುತ್ತಿದ್ದ ಹಿರಿಯರು ಇನ್ನೂ ಇದ್ದರೆ ಅವರ ಕೈಯಿಂದಲೇ ಒಂದು ಸಲ ಉಡಿಸಿಕೊಳ್ಳಿ.

ಪ್ರಶ್ನೆ: ನಮ್ಮ ಹಳ್ಳಿಯ ಶಾಲೆಯಲ್ಲಿ 1950ರ ಸುಮಾರಿನ ಕಥೆ ಇರುವ ನಾಟಕ ಆಡಿಸುತ್ತಿದ್ದೇವೆ. ಒಕ್ಕಲು ಮನೆಯ ಅಜ್ಜಿಯ ಪಾತ್ರಕ್ಕೂ ಕಚ್ಚೆ ಉಡಿಸಬೇಕೇ? ರವಿಕೆ ಹೇಗೆ ಹೊಲಿಸಬೇಕು? (ಶಿಕ್ಷಕಿ, ಮಂಡ್ಯ ಜಿಲ್ಲೆ)

ಕಚ್ಚೆ ಬೇಡ. ಅಜ್ಜಿ ಅಂದ ತಕ್ಷಣ ಕಚ್ಚೆ, ಬಿಳಿ ಕೂದಲು, ದೊಡ್ಡ ಕುಂಕುಮ ಎಂದು ಒಂದೇ ಅಚ್ಚು ಒತ್ತುವುದು ನಮ್ಮ ನಾಟಕಗಳ ದೊಡ್ಡ ದೋಷ. ಯಾವ ಊರು, ಯಾವ ಮನೆ, ಯಾವ ಕೆಲಸ ಎಂಬ ಮೂರನ್ನು ಗೊತ್ತುಮಾಡಿಕೊಂಡರೆ ಉಡುಗೆ ತಾನಾಗಿ ಗೊತ್ತಾಗುತ್ತದೆ. ಮಂಡ್ಯ ಕಡೆಯ ಒಕ್ಕಲು ಹೆಂಗಸರು ಹೆಚ್ಚಾಗಿ ಮುಂದೆ ನೆರಿಗೆ ಹಿಡಿದು ಸೀರೆ ಉಡುತ್ತಿದ್ದರು. ಸೀರೆ ಕಣಕಾಲಿಗಿಂತ ನಾಲ್ಕು ಬೆರಳು ಮೇಲಿರುತ್ತಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದು ಭತ್ತದ ನಾಟಿ ಹೆಚ್ಚಿದ ಮೇಲೆ ವರ್ಷದಲ್ಲಿ ಎಷ್ಟೋ ದಿನ ಕೆಸರಿನಲ್ಲೇ ನಿಲ್ಲಬೇಕು. ಪಾದ ಮುಚ್ಚುವ ಸೀರೆ ಅಲ್ಲಿ ನಡೆಯುವುದಿಲ್ಲ. ಗದ್ದೆಗೆ ಇಳಿಯುವಾಗ ಅದನ್ನೂ ಮಂಡಿವರೆಗೆ ಎತ್ತಿ ಕಟ್ಟುತ್ತಿದ್ದರು. ಸೆರಗನ್ನು ಬೆನ್ನಿನಿಂದ ಸುತ್ತಿ ತಂದು ಸೊಂಟಕ್ಕೆ ಬಿಗಿದರೆ ಕೆಲಸದ ಉಡುಗೆ, ಎರಡೂ ಹೆಗಲ ಮೇಲೆ ಹೊದ್ದರೆ ಊರೊಳಗಿನ ಉಡುಗೆ. ಇದೊಂದು ಬದಲಾವಣೆಯನ್ನು ರಂಗದ ಮೇಲೆ ತೋರಿಸಿ, ಪಾತ್ರಕ್ಕೆ ಜೀವ ಬರುತ್ತದೆ.

ಬಣ್ಣ ಗಾಢವಾಗಿರಲಿ: ಕಡುಕೆಂಪು, ಕಪ್ಪು, ಕಡುನೀಲಿ, ಕಡುಹಸಿರು. ಕೊಳೆ ಕಾಣದ ಬಣ್ಣಗಳು ಇವು. ಚೌಕಳಿಯ ನೂಲಿನ ಸೀರೆ ಸಿಕ್ಕರೆ ಇನ್ನೂ ಒಳ್ಳೆಯದು. ಶ್ರೀರಂಗಪಟ್ಟಣದ ಹತ್ತಿರದ ಕೊಡಿಯಾಲ ಕೈಮಗ್ಗಕ್ಕೆ ಹೆಸರಾದ ಊರು. ಅಂಥ ದಪ್ಪ ನೇಯ್ಗೆಯ ಬಟ್ಟೆ ನೋಡಿ ಆರಿಸಿ. ಹೊಳೆಯುವ ಸಿಂಥೆಟಿಕ್ ಸೀರೆ 1950ರ ಹಳ್ಳಿ ಅಜ್ಜಿಗೆ ಖಂಡಿತ ಒಪ್ಪುವುದಿಲ್ಲ. ಹೊಸ ಸೀರೆಯಾದರೆ ನಾಲ್ಕು ಸಲ ಒಗೆದು, ಇಸ್ತ್ರಿ ಮಾಡದೆ ಉಡಿಸಿ.

ರವಿಕೆ ವಿಷಯಕ್ಕೆ ಬರೋಣ. ಆ ಕಾಲದ ಬಹಳ ಮಂದಿ ಮುದುಕಿಯರು ರವಿಕೆಯನ್ನೇ ತೊಡುತ್ತಿರಲಿಲ್ಲ, ಸೆರಗೇ ಮೈ ಮುಚ್ಚುತ್ತಿತ್ತು. ಶಾಲೆಯ ಮಕ್ಕಳಿಗೆ ಅದು ಆಗುವುದಿಲ್ಲವಾದ್ದರಿಂದ ಮುಂದೆ ಗಂಟು ಹಾಕುವ ಕುಪ್ಪಸ ಹೊಲಿಸಿ. 36 ಇಂಚು ಅಗಲದ ಬಟ್ಟೆ 1 ಮೀಟರು, ಅಂಚಿರುವ ಕಣ, ಅಂದರೆ ರವಿಕೆಯ ತುಂಡು, ಆದರೆ ಚೆನ್ನ. ಉದ್ದ 14ರಿಂದ 15 ಇಂಚು, ತೋಳು ಮೊಣಕೈ ತನಕ, ಕಣದ ಅಂಚು ತೋಳಿನ ತುದಿಗೆ ಬರಲಿ. ಮುಂದಿನ ಎರಡು ಪಾಲನ್ನೂ ಕೆಳತುದಿಯಲ್ಲಿ 5 ಇಂಚು ಹೆಚ್ಚು ಬಿಟ್ಟು ಮೊನಚಾಗಿ ಕತ್ತರಿಸಿದರೆ ಅದೇ ಗಂಟಿಗೆ ಆಗುತ್ತದೆ. ಹುಕ್ಕು ಬೇಡ, ಮೈಗೆ ಕೂರಲೆಂದು ಮಡಿಸಿ ಹೊಲಿಯುವ ಡಾರ್ಟೂ ಬೇಡ.

ಟೈಲರು ಕೈಯಲ್ಲಿ ಕೆಡುವುದು ಎರಡು ಕಡೆ. ಒಂದು, ಅಭ್ಯಾಸಬಲದಿಂದ ಬೆನ್ನಿನ ಕತ್ತು ಆಳವಾಗಿ ಕತ್ತರಿಸಿಬಿಡುತ್ತಾರೆ. ಹಳೇ ಕುಪ್ಪಸದ ಬೆನ್ನು ಮುಚ್ಚಿರುತ್ತದೆ, 2 ಇಂಚಿಗಿಂತ ಇಳಿಯಬಾರದು. ಎರಡು, ಕಂಕುಳು. ಡಾರ್ಟಿಲ್ಲದ ಬಿಗಿ ಕುಪ್ಪಸದಲ್ಲಿ ಕೈ ಎತ್ತಿದರೆ ಹೊಲಿಗೆ ಬಿಡುವುದು ಅಲ್ಲೇ. ತೋಳು ಮಗ್ಗುಲಿಗೆ ಕೂಡುವ ಜಾಗದಲ್ಲಿ 3 ಇಂಚಿನ ಚೌಕ ತುಂಡನ್ನು ಮೂಲೆ ಮೇಲೆ ಕೆಳಗೆ ಬರುವ ಹಾಗೆ ತಿರುಗಿಸಿ ಸೇರಿಸಿ ಹೊಲಿಯಲು ಹೇಳಿ. ಹಳೇ ಹೊಲಿಗೆಯವರು ಹೀಗೇ ಮಾಡುತ್ತಿದ್ದುದು. ಚೌಕದ ಬಟ್ಟೆ ಓರೆಯಾಗಿ ಎಳೆಯುವುದರಿಂದ ಕೈ ಸಲೀಸಾಗಿ ಏಳುತ್ತದೆ.

ಸೊಂಟದಲ್ಲಿ ಎಲೆಅಡಿಕೆ ಸಂಚಿ ಮರೆಯಬೇಡಿ. ಅಂಗೈಗಿಂತ ತುಸು ದೊಡ್ಡ ಬಟ್ಟೆಯ ಚೀಲ, ಒಳಗೆ ಒಂದರ ಹಿಂದೆ ಒಂದು ಮೂರು ನಾಲ್ಕು ಪದರ, ಬಾಯಿಗೆ ಎರಡು ಕಡೆಯಿಂದ ಎಳೆಯುವ ದಾರ. ಒಂದು ಪದರದಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ ಮತ್ತು ಹೊಗೆಸೊಪ್ಪು, ಎಲ್ಲಕ್ಕಿಂತ ಒಳಗಿನದರಲ್ಲಿ ಕಾಸು. ಮಾತಾಡುತ್ತಾ ಆಡುತ್ತಾ ಅಜ್ಜಿ ದಾರ ಎಳೆದು ಸಂಚಿ ಬಿಚ್ಚಿ ಎಲೆಯ ನಾರು ತೆಗೆಯುವುದನ್ನು ಹುಡುಗಿಗೆ ಕಲಿಸಿ.

ಮಳೆಯ ದೃಶ್ಯವಿದ್ದರೆ ಕಂಬಳಿಯನ್ನು ತಲೆ, ಬೆನ್ನು ಮುಚ್ಚುವ ಹಾಗೆ ಮಡಿಸಿ ಕೊಪ್ಪೆ ಹಾಕಿಸಿ. ಕಾಲಿಗೆ ಏನೂ ಬೇಡ, ಬರಿಗಾಲು.

ಪ್ರಶ್ನೆ: ಅದೇ ನಾಟಕದಂಥ ಇನ್ನೊಂದಕ್ಕೆ: ವಿಧವೆ ಅಜ್ಜಿಗೆ ಕೆಂಪು ಸೀರೆಯೋ ಬಿಳಿಯೋ? (ಹವ್ಯಾಸಿ ರಂಗತಂಡದವರು, ಮೈಸೂರು)

ಮನೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ತಲೆ ಬೋಳಿಸಿಕೊಂಡ ಬ್ರಾಹ್ಮಣ ವಿಧವೆಯರು ಅಂಚಿಲ್ಲದ ಕೆಂಪು ಅಥವಾ ಕಾವಿಬಣ್ಣದ ನೂಲಿನ ಸೀರೆ, ಕೆಲವು ಮನೆಗಳಲ್ಲಿ ಬಿಳಿ, ರವಿಕೆ ಇಲ್ಲದೆ ಉಟ್ಟು ತಲೆಯ ಮೇಲೆ ಸೆರಗು ಹೊದೆಯುತ್ತಿದ್ದರು. ಲಿಂಗಾಯತ ಮನೆಗಳಲ್ಲಿ ಬಿಳಿ ಸೀರೆ. ಒಕ್ಕಲು ಮನೆಗಳಲ್ಲಿ ಬಣ್ಣದ ಸೀರೆಯೇ ಮುಂದುವರಿಯುತ್ತಿದ್ದುದು ಸಾಮಾನ್ಯ. ಹೋಗುತ್ತಿದ್ದುದು ಹೂವು, ಕುಂಕುಮ, ಬಳೆ, ತಾಳಿ, ಕಾಲುಂಗುರ. ಹಲವು ದುಡಿಯುವ ಜಾತಿಗಳಲ್ಲಿ ವಿಧವೆ ಮತ್ತೆ ಸಂಸಾರ ಹೂಡಲು ಸೀರುಡಿಕೆ ಎಂಬ ಪದ್ಧತಿಯೇ ಇತ್ತು. ಹೆಸರೇ ಹೇಳುವ ಹಾಗೆ, ಹೊಸ ಗಂಡು ಕೊಟ್ಟ ಸೀರೆ ಉಟ್ಟರೆ ಮದುವೆಯಾದಂತೆ. ಹಾಗಾಗಿ ಎಲ್ಲ ವಿಧವೆಯರಿಗೂ ಒಂದೇ ಬಿಳಿ ಸೀರೆ ಉಡಿಸಿದರೆ ನೀವು ನಮ್ಮ ಸೀಮೆಯ ಚರಿತ್ರೆಯನ್ನೇ ಸುಳ್ಳು ಹೇಳಿದಂತಾಗುತ್ತದೆ. ಈ ಉಡುಗೆಯನ್ನು ಆ ಹೆಂಗಸರು ತಾವಾಗಿ ಆರಿಸಿಕೊಂಡದ್ದಲ್ಲ ಎಂಬುದು ನಟಿಯ ಮೈಗೂ ಗೊತ್ತಿರಬೇಕು.

ಪ್ರಶ್ನೆ: ಕುಂಕುಮ ಬೆವರಿಗೆ ಇಳಿಯದ ಹಾಗೆ ಹಿಂದಿನವರು ಹೇಗೆ ಇಡುತ್ತಿದ್ದರು? (ಓದುಗರು, ಪಾಂಡವಪುರ)

ಮೇಣ ಹಚ್ಚಿ. ಜೇನುಮೇಣವನ್ನು ಉಗುರಿನ ತುದಿಯಷ್ಟು ತೆಗೆದು, ಬೆರಳ ಬಿಸಿಗೆ ಮೆತ್ತಗಾದ ಮೇಲೆ ಹಣೆಗೆ ದುಂಡಗೆ ಸವರಿ, ಅದರ ಮೇಲೆ ಉಂಗುರದ ಬೆರಳಿನಿಂದ ಕುಂಕುಮ ಒತ್ತುವುದು. ಮೇಣ ಹೆಚ್ಚಾದರೆ ಬಿಸಿಲಿಗೆ ಕರಗಿ ಕುಂಕುಮದ ಸಮೇತ ಮೂಗಿನ ಮೇಲೆ ಬರುತ್ತದೆ.

ಪ್ರಶ್ನೆ: ಅತ್ತೆಯವರ ರೇಷ್ಮೆ ಸೀರೆಗಳು ಮಡಿಕೆ ಮಡಿಕೆಯಲ್ಲೇ ಸೀಳುತ್ತಿವೆ, ಜರಿ ಕಪ್ಪಾಗಿದೆ. ಉಳಿಸಿಕೊಳ್ಳುವುದು ಹೇಗೆ? ಅವು ನಿಜವಾದ ಮೈಸೂರು ಸಿಲ್ಕೇ ಎಂದು ತಿಳಿಯುವುದು ಹೇಗೆ? (ಓದುಗರು, ಮೈಸೂರು)

ಮಡಿಕೆಯಲ್ಲಿ ಸೀಳುವುದಕ್ಕೆ ಮುಖ್ಯ ಕಾರಣ: ವರ್ಷಗಟ್ಟಲೆ ಅದೇ ಗೆರೆಯಲ್ಲಿ ಮಡಿಸಿಟ್ಟದ್ದು. ರೇಷ್ಮೆಯ ಎಳೆ ಒಂದೇ ಜಾಗದಲ್ಲಿ ಬಗ್ಗಿ ಬಗ್ಗಿ ಒಣಗಿ ಮುರಿಯುತ್ತದೆ. ಜರಿ ಇರುವ ಕಡೆ ಲೋಹದ ತಂತಿಯೇ ಪಕ್ಕದ ರೇಷ್ಮೆಯನ್ನು ಕತ್ತರಿಸುತ್ತದೆ. ಸೀಳಿದ್ದನ್ನು ಮತ್ತೆ ಕೂಡಿಸಲಾಗದು. ಆದರೆ ಅಲ್ಲಿಗೇ ನಿಲ್ಲಿಸಬಹುದು. ಸೀಳಿನ ಹಿಂದೆ ಅದೇ ಬಣ್ಣದ ತೆಳು ಮಲ್ಲು ಬಟ್ಟೆ ಇಟ್ಟು, ಸಣ್ಣ ಸೂಜಿ, ಒಂದೇ ಎಳೆಯ ರೇಷ್ಮೆ ದಾರದಿಂದ ಸೀಳಿನ ಆಚೆಗೆ ಒಂದು ಇಂಚು ಗಟ್ಟಿ ಬಟ್ಟೆ ಸೇರಿಸಿ ಹಗುರವಾಗಿ ಹೊಲಿಯಿರಿ. ದಪ್ಪ ದಾರ ಹಾಕಿದರೆ ಹೊಲಿಗೆಯ ಪಕ್ಕದಲ್ಲೇ ಹೊಸ ಸೀಳು ಶುರುವಾಗುತ್ತದೆ.

ಉಳಿದವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಒಂದೆರಡು ಗಂಟೆ ಗಾಳಿಗೆ ಹರವಿ, ಬೇರೆ ಗೆರೆಯಲ್ಲಿ ಮಡಿಸಿ. ಕೆಲವರು ಮಡಿಸುವ ಬದಲು ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡುತ್ತಾರೆ. ಜಾಗವಿದ್ದರೆ ಅದೇ ಉತ್ತಮ. ಹಳೇ ಪಂಚೆಯಲ್ಲಿ ಸುತ್ತಿಡಿ, ಆದರೆ ಆ ಪಂಚೆಯಲ್ಲಿ ಗಂಜಿ ಇರಬಾರದು. ಗಂಜಿಯ ವಾಸನೆಗೆ ಜಿರಳೆ, ಹುಳು ಬರುತ್ತವೆ. ಪ್ಲಾಸ್ಟಿಕ್ ಕವರು ತೇವ ಹಿಡಿದಿಡುತ್ತದೆ, ಬೇಡ. ಟ್ರಂಕಿನ ತಳಕ್ಕೆ ನ್ಯೂಸ್‌ಪೇಪರ್ ಹಾಸುವುದೂ ಬೇಡ, ಬಟ್ಟೆ ಹಳದಿಯಾಗುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು, ಅಷ್ಟು ಬೇಕೆಂದರೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಡಿ. ಚೆನ್ನಾಗಿ ಒಣಗಿದ ಬೇವಿನ ಸೊಪ್ಪು ಸಾಕು. ಹಸಿ ಸೊಪ್ಪು ಇಟ್ಟರೆ ಕಲೆ ಬೀಳುತ್ತದೆ.

ಜರಿ ಕಪ್ಪಾಗುವುದು ಅದರಲ್ಲಿ ಬೆಳ್ಳಿ ಇರುವುದರಿಂದ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿ ದೀಪವನ್ನು ಹೇಗೆ ಕಪ್ಪು ಮಾಡುತ್ತದೋ ಹಾಗೇ. ದೀಪ ಉಜ್ಜುವ ಪುಡಿಯನ್ನೋ ಟೂತ್‌ಪೇಸ್ಟನ್ನೋ ಜರಿಗೆ ಹಚ್ಚಬೇಡಿ. ತಂತಿಯ ಮೇಲಿನ ಚಿನ್ನದ ಲೇಪ ತೀರ ತೆಳು, ಒಂದೇ ಉಜ್ಜಿಗೆ ಹೋಗುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಅಷ್ಟೇ. ಸೆಂಟು ಸಿಂಪಡಿಸುವುದು ಜರಿಗೆ ಹಾನಿ.

ಒಗೆಯಲೇಬೇಕಾದರೆ ಮೊದಲು ಒಳಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಬಿಟ್ಟರೆ ಮನೆಯಲ್ಲಿ ಒಗೆಯುವ ಯೋಚನೆ ಬಿಡಿ. ಬಿಡದಿದ್ದರೆ ಹತ್ತು ಹನ್ನೆರಡು ಅಂಟುವಾಳದ ಕಾಯಿಯ ಸಿಪ್ಪೆಯನ್ನು ರಾತ್ರಿ 2 ಲೀಟರು ನೀರಲ್ಲಿ ನೆನೆಸಿ, ಬೆಳಗ್ಗೆ ಕುದಿಸಿ, ಸೋಸಿ, ಪೂರ್ತಿ ತಣ್ಣಗಾದ ಮೇಲೆ ಒಂದು ಬಕೆಟ್ ನೀರಿಗೆ ಬೆರೆಸಿ. ಸೀರೆಯನ್ನು ಮುಳುಗಿಸಿ, ಉಜ್ಜದೆ ಅದ್ದಿ ಅದ್ದಿ ಎತ್ತಿ, ಮೂರು ಸಲ ಬರೀ ನೀರಲ್ಲಿ ಜಾಲಿಸಿ. ಹಿಂಡಬೇಡಿ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಒಣಹಾಕಿ.

ಇದೆಲ್ಲ ಮಾಡುವ ಮೊದಲು ಸೀರೆ ರೇಷ್ಮೆಯೇ ಎಂದು ಖಚಿತಪಡಿಸಿಕೊಳ್ಳಿ. ಟ್ರಂಕಿನಲ್ಲಿ ಹೊಳೆಯುವುದೆಲ್ಲ ರೇಷ್ಮೆಯಲ್ಲ, ಆರ್ಟ್ ಸಿಲ್ಕ್ ಎಂಬ ರೇಯಾನ್ ಸೀರೆಗಳೂ ಎಷ್ಟೋ ಮನೆಯಲ್ಲಿವೆ. ಒಳಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್ ಅಥವಾ ನೂಲು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್. ಇದು ಸುಮ್ಮನೆ ಕುತೂಹಲದ ಪರೀಕ್ಷೆಯಲ್ಲ: ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹಳೇ ರೇಯಾನ್ ಸೀರೆಯನ್ನು ನೀರಿನಿಂದ ತೂಗುಹಾಕಿದ ಹಾಗೆ ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಅಡಿಗೆ ಕೈ ಕೊಟ್ಟು ಎತ್ತಬೇಕು.

ಮೈಸೂರು ಸಿಲ್ಕ್ ಬಗ್ಗೆ: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಯಿತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ನಿಗಮದ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಈಗಿನ ಸೀರೆಗಳಿಗೆ ಒಂದೊಂದಕ್ಕೂ ಬೇರೆ ಸಂಖ್ಯೆ ಇರುತ್ತದೆ, ಹಳೆಯವುಗಳಲ್ಲಿ ಅದು ಕಾಣದಿದ್ದರೆ ನಕಲಿ ಎಂದು ಗಾಬರಿಯಾಗಬೇಡಿ. ಹಳೆಯದನ್ನು ಕೈಯಿಂದಲೇ ನೋಡಬೇಕು. ಹುರಿ ಹಾಕಿದ ಎಳೆಯಿಂದ ನೇಯ್ದ ಕ್ರೇಪ್ ಬಟ್ಟೆ ಅದು. ಮುಷ್ಟಿಯಲ್ಲಿ ಹಿಡಿದರೆ ಹಿಡಿಯಷ್ಟೇ ಆಗುತ್ತದೆ, ಬಿಟ್ಟರೆ ಸುಕ್ಕಿಲ್ಲದೆ ಜಾರುತ್ತದೆ. ಮೈ ಸಾದಾ, ಅಂಚಿನಲ್ಲಿ ಪಟ್ಟಿ ಜರಿ. ಸರಬರ ಸದ್ದು ಮಾಡುತ್ತಾ ನೆಟ್ಟಗೆ ನಿಲ್ಲುವ ದಪ್ಪ ರೇಷ್ಮೆಯಾದರೆ ಅದು ಕಂಚಿಯದೋ ಧರ್ಮಾವರದ್ದೋ ಇರಬಹುದು. ಹಳೇ ಜರಿ ಕೊಳ್ಳುವವರು ಬಾಗಿಲಿಗೆ ಬರುತ್ತಾರೆ. ಬೆಳ್ಳಿಯ ತೂಕಕ್ಕೆ ಮಾತ್ರ ಬೆಲೆ ಕಟ್ಟಿ ಸೀರೆಯನ್ನು ಸುಡುತ್ತಾರೆ. ಅಂಚು ಗಟ್ಟಿಯಿದ್ದರೆ ಮಾರಬೇಡಿ. ಅದನ್ನು ಬಿಡಿಸಿ ಬೇರೆ ಮೈಗೆ ಹೊಲಿದುಕೊಳ್ಳಬಹುದು.

ಪ್ರಶ್ನೆ: ಅಜ್ಜಿಯ ನೂಲಿನ ಸೀರೆ ಎಷ್ಟು ಗಂಜಿ ಹಾಕಿದರೂ ಬಿಳಿ ಮಚ್ಚೆ ಬೀಳುತ್ತದೆ. ಏಕೆ? (ಓದುಗರು, ಮದ್ದೂರು)

ಎರಡು ಕಾರಣ: ಗಂಜಿ ಸೋಸಿಲ್ಲ, ಸೀರೆ ಒಣಗಿದೆ. ಎರಡು ಹಿಡಿ ಅಕ್ಕಿಯನ್ನು ಹೆಚ್ಚು ನೀರಲ್ಲಿ ಬೇಯಿಸಿ ಬಸಿದ ಗಂಜಿ ಅರ್ಧ ಲೀಟರು ಒಂದು ಸೀರೆಗೆ ಸಾಕು. ಬಟ್ಟೆಯಲ್ಲಿ ಸೋಸಿ 3 ಲೀಟರು ನೀರಿಗೆ ಕಲೆಸಿ. ಒಗೆದು ಇನ್ನೂ ಒದ್ದೆ ಇರುವಾಗಲೇ ಸೀರೆ ಅದ್ದಿ. ಒಣಗಿದ ಸೀರೆ ಮೊದಲು ಮುಟ್ಟಿದ ಜಾಗದಲ್ಲೇ ಗಂಜಿಯನ್ನೆಲ್ಲ ಹೀರಿಬಿಡುತ್ತದೆ. ಎತ್ತಿಡುವ ಸೀರೆಗೆ ಗಂಜಿ ಹಾಕಲೇಬೇಡಿ.

ಪ್ರಶ್ನೆ: ಮಡಿಗೆ ಬೇರೆ ಬಟ್ಟೆ ಇರುತ್ತಿತ್ತಂತೆ, ಯಾವುದು? ಹದಿನೆಂಟು ಮೊಳ ಹೋಗಿ ಹನ್ನೆರಡು ಮೊಳ ಬಂದದ್ದೇಕೆ? (ಓದುಗರು, ಶ್ರೀರಂಗಪಟ್ಟಣ)

ಮಡಿಗೆ ದಿನಾ ಒಗೆದು, ಯಾರೂ ಮುಟ್ಟದ ಹಾಗೆ ಸೂರಿನ ಹತ್ತಿರದ ಗಳುವಿಗೆ ಕೋಲಿನಿಂದ ಹರವಿದ ನೂಲಿನ ಸೀರೆ. ಮಳೆಗಾಲದಲ್ಲಿ ಅದು ಒಣಗದಿದ್ದರೆ ರೇಷ್ಮೆಯ ಪಟ್ಟೆ, ಮಗುಟ, ಇಲ್ಲವೇ ಉಣ್ಣೆಯ ಧಾಬಳಿ. ಇವಕ್ಕೆ ದಿನಾ ಒಗೆಯುವ ಕಟ್ಟಿರಲಿಲ್ಲ.

ಗಿಡ್ಡ ಸೀರೆಗೆ ದಾರಿ ಮಾಡಿದ್ದು ಒಳಲಂಗ. ಸೀರೆಯೇ ಒಳಬಟ್ಟೆಯೂ ಆಗಿದ್ದಾಗ ಒಂಬತ್ತು ಗಜ ಬೇಕಿತ್ತು. ಲಾಡಿ ಕಟ್ಟಿದ ಲಂಗ ಬಂದ ಮೇಲೆ ಮೂರು ಗಜ ಉಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಕಂಟ್ರೋಲು ಬಂದು ಉದ್ದ ಸೀರೆ ಸಿಗುವುದೇ ಕಷ್ಟವಾಗಿತ್ತು. ಶಾಲೆ, ಕಚೇರಿಗೆ ಹೊರಟ ಹೆಣ್ಣುಮಕ್ಕಳು ಆರು ಗಜ ಹಿಡಿದರು, ಅವರೇ ವಯಸ್ಸಾದ ಮೇಲೆ ಆರು ಗಜದ ಅಜ್ಜಿಯರಾದರು. ಶತಮಾನದ ಕೊನೆಯ ದಶಕಗಳಲ್ಲಿ ನೈಲಾನಿನ ನೈಲೆಕ್ಸ್, ಪಾಲಿಯೆಸ್ಟರ್ ಬಂದವು. ಒಗೆದು ಕೊಡವಿದರೆ ಒಣಗುವ ಬಟ್ಟೆ, ಕೈಕಾಲು ನೋಯುವ ಮುದುಕಿಯರಿಗೆ ಅದು ದೊಡ್ಡ ಅನುಕೂಲವೇ. ಒಲೆಯ ಮುಂದೆ ಮಾತ್ರ ಅಪಾಯ: ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಮನೆಯಲ್ಲಿ ಈಗಲೂ ಸೌದೆ ಒಲೆ ಹಚ್ಚುವ ಹಿರಿಯರಿದ್ದರೆ ಅಡುಗೆಮನೆಗೆ ನೂಲಿನ ಸೀರೆಯನ್ನೇ ತಂದುಕೊಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಒಲೆ ಮುಂದೆ ಕೂರಲು ಹೇಳಿ.